ರೋಮನ್ನರ ಚಿಲ್ಲರೆಯೂ ನಮ್ಮ ನಾಡಿನ ಸೀಸದ ಕಾಸೂ

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ನೆಲವನ್ನು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಅಂತಹವೇ 256 ನಾಣ್ಯಗಳು ಲಭಿಸಿದವು. ‘ದಿನಾರಿಯಸ್’ ಎಂಬ ಈ ನಾಣ್ಯಗಳು ಆಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಮುದ್ರೆಯುಳ್ಳವು. ಆದರೆ ರೋಮಿನ ಸಾಮಾನ್ಯ ಜನರು ದಿನನಿತ್ಯ ಬಳಸುತ್ತಿದ್ದ ಕಂಚು-ತಾಮ್ರದ ಕಾಸುಗಳು ಈ ನಿಧಿಗಳಲ್ಲಿ ಏಕಿಲ್ಲ?

ಅಂದಿನ ರೋಮಿನಲ್ಲಿ ಒಂದು ದಿನಾರಿಯಸಿಗೆ 16 ‘ಆಸ್’. ಒಂದು ಆಸಿಗೆ 4 ‘ಕ್ವಾಡ್ರನ್ಸ್’. ಸಾರ್ವಜನಿಕ ಸ್ನಾನಗೃಹವನ್ನು ಪ್ರವೇಶಿಸಲು ಒಂದು ಕ್ವಾಡ್ರನ್ಸ್ ಸಾಕಾಗುತ್ತಿತ್ತು. ಬೆಳ್ಳಿಯ ಬೆಲೆ ಲೋಹದಲ್ಲಿಯೇ ಇರುವುದರಿಂದ ಅದನ್ನು ಯಾವ ದೇಶದಲ್ಲಾದರೂ ತೂಗಿ ಕೊಳ್ಳಬಹುದು. ಕಂಚಿನ ಕಾಸಿನ ಬೆಲೆಯಾದರೋ ಬಹುಮಟ್ಟಿಗೆ ಪ್ರಭುತ್ವದ ಮೇಲಣ ನಂಬಿಕೆಯನ್ನು ಅವಲಂಬಿಸಿದುದು. ಆ ಪ್ರಭುತ್ವದ ಎಲ್ಲೆಯನ್ನು ದಾಟಿದರೆ ಅದು ಕೇವಲ ಲೋಹದ ಚೂರು. ಆದಕಾರಣ ಸಮುದ್ರ ವ್ಯಾಪಾರದಲ್ಲಿ ಚಿನ್ನ ಬೆಳ್ಳಿಗಳೇ ಪ್ರಧಾನವಾದವು.

ಹಾಗಾದರೆ ನಮ್ಮ ಸಂತೆಗಳಲ್ಲಿ ಚಿಲ್ಲರೆಯೇ ಇರಲಿಲ್ಲವೆ? ಚಿತ್ರದುರ್ಗದ ಬಳಿಯ ಚಂದ್ರವಳ್ಳಿ ಇದಕ್ಕೆ ಉತ್ತರ ಕೊಡುತ್ತದೆ. ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ಈ ನೆಲೆಯಲ್ಲಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ದೊರೆತಿದೆ. ಶಾತವಾಹನರ ಕಾಲದ ಸೀಸದ ನಾಣ್ಯಗಳೂ ದೊರೆತಿವೆ. ‘ಸದಕಣ ಕಳಲಾಯ ಮಹಾರಠಿ’ ಎಂಬ ಸ್ಥಳೀಯ ಪ್ರಭುವಿನ ಸೀಸದ ನಾಣ್ಯಗಳು ಈ ಪ್ರದೇಶಕ್ಕೆ ಸೇರಿದವು. ರೋಮಿನಲ್ಲಿ ಕಂಚು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸೀಸ ಮಾಡುತ್ತಿದ್ದಿತೆಂದು ತಿಳಿಯಬಹುದು.

ಇದಕ್ಕೆ ಅಪವಾದವೂ ಉಂಟು. ತಮಿಳುನಾಡಿನ ಕರೂರು, ಮಧುರೆಗಳಲ್ಲಿಯೂ ಶ್ರೀಲಂಕೆಯಲ್ಲಿಯೂ ನಾಲ್ಕು-ಐದನೆಯ ಶತಮಾನಗಳ ಕಿರಿಯ ರೋಮನ್ ತಾಮ್ರ ನಾಣ್ಯಗಳು ಹೇರಳವಾಗಿ ಸಿಕ್ಕಿವೆ. ಶ್ರೀಲಂಕೆಯಲ್ಲಿ ಅವುಗಳ ಅನುಕರಣೆಗಳನ್ನೂ ತಯಾರಿಸುತ್ತಿದ್ದರು. ಜನರು ಒಪ್ಪಿದಾಗ ಪರದೇಶದ ಚಿಲ್ಲರೆಯೂ ಊರಿನ ಕಾಸಾಗಬಲ್ಲುದು.

ಇಂದು ಜಯನಗರ, ಬನಶಂಕರಿ ಬಡಾವಣೆಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಆಳವಾದ ಪಾಯ ತೋಡಲಾಗುತ್ತಿದೆ. ಚಿನ್ನ ಸಿಕ್ಕರೆ ಸುದ್ದಿಯಾಗುತ್ತದೆ. ಕಿಲುಬು ಹಿಡಿದ ಕಾಸು ಸಿಕ್ಕರೆ ಗುಜರಿ ಸೇರುತ್ತದೆ. ಚಿನ್ನದ ನಾಣ್ಯ ಸಿರಿವಂತರ ಕಥೆಯನ್ನು ಹೇಳಿದರೆ, ಉಪ್ಪು ಎಣ್ಣೆಗಳನ್ನು ಕೊಂಡವರ ಕಥೆಯನ್ನು ಹೇಳಬಲ್ಲುದು ಚಿಲ್ಲರೆ ಕಾಸೊಂದೇ. ಅಂತಹುದು ದೊರೆತಲ್ಲಿ ಹುಣಿಸೆಹಣ್ಣಿನಿಂದ ಉಜ್ಜದೆ, ದೊರೆತ ಜಾಗವನ್ನೂ ಆಳವನ್ನೂ ಬರೆದಿಟ್ಟು, ಜಿಲ್ಲಾಧಿಕಾರಿಗಳಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ಉಪಾಧ್ಯಾಯರು ಇಷ್ಟನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಕೊಟ್ಟರೆ, ಈ ನೆಲದ ಚರಿತ್ರೆಯ ಒಂದು ಪುಟವಾದರೂ ಉಳಿದೀತು.