ಹುಲ್ಲುಹಾಸಿಗೂ ಉಸಿರು ಬೇಕು

ಗರಿಕೆಯನ್ನು ಅರಿಯದವರು ನಮ್ಮಲ್ಲಿಲ್ಲ. ಗಣಪತಿಯ ಪೂಜೆಗೆ ಅದು ಬೇಕು. ಹಿರಿಯರು ಹರಸುವಾಗ ವಂಶವು ಗರಿಕೆಯಂತೆ ಹಬ್ಬಲಿ ಎನ್ನುವುದೂ ಉಂಟು. ಸಂಸ್ಕೃತದ ದೂರ್ವೆ ಇದೇ; ಪಾಶ್ಚಾತ್ಯರ ಆಟದ ಬಯಲುಗಳಲ್ಲಿ ಬರ್ಮುಡಾ ಹುಲ್ಲೆಂದು ಹೆಸರಾಗಿರುವುದೂ ಇದೇ. ತುಳಿದರೂ ಕತ್ತರಿಸಿದರೂ ಗೆಣ್ಣುಗೆಣ್ಣಿನಲ್ಲಿ ಬೇರುಬಿಟ್ಟು ಮತ್ತೆ ಚಿಗುರುವ ಈ ಹುಲ್ಲು, ಮನೆಯ ಮುಂದಿನ ಹಾಸಿನಲ್ಲಿ ಮಾತ್ರ ಹಳದಿಗಟ್ಟಿ ಬೋಳಾಗುವುದೇಕೆ? ನೀರು ಸಾಲದೆಂದು ನಾವು ಕೊಳವೆ ಹಿಡಿಯುತ್ತೇವೆ. ಎಷ್ಟೋ ವೇಳೆ ಅದಕ್ಕೆ ಸಾಲದಿರುವುದು ನೀರಲ್ಲ, ಗಾಳಿ.

ಎಲೆಯಂತೆಯೇ ಬೇರೂ ಉಸಿರಾಡುತ್ತದೆ. ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಮಾತ್ರ ಗಟ್ಟಿ ಪದಾರ್ಥ. ಉಳಿದರ್ಧ ಬರಿಯ ಸಂದು. ಈ ಸಂದುಗಳಲ್ಲಿ ಕೆಲವು ನೀರಿಗೆ, ಕೆಲವು ಗಾಳಿಗೆ. ಜೇಡಿಯ ಕಣವಾದರೋ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಒದ್ದೆ ಜೇಡಿಯನ್ನು ತುಳಿದಾಗ ದೊಡ್ಡ ಸಂದುಗಳೇ ಮೊದಲು ಮುಚ್ಚಿಹೋಗುತ್ತವೆ. ಉಳಿದ ಕಿರುಸಂದುಗಳಲ್ಲಿ ನೀರು ಕಚ್ಚಿಕೊಂಡು ನಿಲ್ಲುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹೀಗಿರಲು, ಸೊರಗಿದ ಹುಲ್ಲಿಗೆ ಮತ್ತೆ ಮತ್ತೆ ನೀರೆರೆಯುವುದು ಉಸಿರು ಕಟ್ಟಿದವನ ಬಾಯಿಗೆ ನೀರು ಹೊಯ್ದಂತೆಯೇ ಸರಿ.

ಗಿರಿನಗರದಂತಹ ಬಡಾವಣೆಗಳಲ್ಲಿ ಈ ತೊಂದರೆಗೆ ಇನ್ನೊಂದು ಕಾರಣವುಂಟು. ಬೆಂಗಳೂರಿನ ಕೆಂಪು ನೆಲದಲ್ಲಿ ಮೇಲ್ಮಣ್ಣು ಮರಳು ಬೆರೆತದ್ದು; ಕೆಳಗೆ ಹೋದಂತೆ ಜೇಡಿ ಹೆಚ್ಚು. ಮನೆ ಕಟ್ಟುವಾಗ ಪಾಯದಿಂದ ತೆಗೆದ ಮಣ್ಣನ್ನು ಅಂಗಳದಲ್ಲಿ ಹರಡಿದರೆ ಕೆಳಗಿರಬೇಕಾದ ಜೇಡಿ ಮೇಲೆ ಬರುತ್ತದೆ. ಅದರ ಮೇಲೆ ಇಟ್ಟಿಗೆಯ ಲಾರಿ, ಕೆಲಸದವರ ಓಡಾಟ. ಆ ಬಳಿಕ ಅಲ್ಲಿಯೇ ಹುಲ್ಲು ನೆಡುತ್ತೇವೆ! ಧಾರವಾಡ, ಗದಗಗಳ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ತನ್ನೊಳಗೆ ತಾನೇ ಗಾಳಿ ಬಿಟ್ಟುಕೊಳ್ಳುತ್ತದೆ. ನಮ್ಮ ಕೆಂಪು ಜೇಡಿಯು ಹಾಗೆ ಉಬ್ಬಿ ಕುಗ್ಗುವ ಜಾತಿಯದಲ್ಲ; ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗಿಬಿಡುತ್ತದೆ. ಆದುದರಿಂದ ಇಲ್ಲಿ ಮನುಷ್ಯನ ಕೈ ನೆರವಾಗಬೇಕು.

ಪರೀಕ್ಷೆ ಸುಲಭ. ಮಳೆ ಬಂದ ಮರುದಿನ ಒಂದು ಗೇಣುದ್ದದ ಸ್ಕ್ರೂಡ್ರೈವರನ್ನು ಕೈಯಿಂದ ಒತ್ತಿರಿ. ಒದ್ದೆ ನೆಲದಲ್ಲಿಯೂ ಅದು ಎರಡಂಗುಲಕ್ಕೇ ನಿಂತರೆ ಮಣ್ಣು ಬಿಗಿದಿದೆಯೆಂದು ತಿಳಿಯಬೇಕು. ಆದರೆ ಮರದ ದಟ್ಟ ನೆರಳಿನಲ್ಲಿ ಗರಿಕೆ ಸೊರಗಿದ್ದರೆ ದೋಷ ಮಣ್ಣಿನದಲ್ಲ. ಅದು ಬಿಸಿಲಿನ ಹುಲ್ಲು. ಅಲ್ಲಿ ನೆಲ ಚುಚ್ಚಿ ಫಲವಿಲ್ಲ.

ಚುಚ್ಚುವ ಕ್ರಮದಲ್ಲಿ ಎರಡು ಬಗೆ. ಟೊಳ್ಳು ಹಲ್ಲುಗಳುಳ್ಳ ಸಾಧನವು ಬೆರಳುಗಾತ್ರದ ಮಣ್ಣಿನ ತುಂಡನ್ನೇ ಕಿತ್ತು ಹೊರಗೆ ಹಾಕುತ್ತದೆ; ಸುತ್ತಣ ಮಣ್ಣು ಸಡಿಲಲು ಜಾಗ ಸಿಗುತ್ತದೆ. ಜೇಡಿಗೆ ಇದೇ ಮೇಲು. ಗಟ್ಟಿ ಮೊಳೆಯು ಮಣ್ಣನ್ನು ತೆಗೆಯದೆ ಬದಿಗೊತ್ತುವುದರಿಂದ ತೂತಿನ ಗೋಡೆ ಇನ್ನಷ್ಟು ಬಿಗಿಯುತ್ತದೆ. ತೋಟದ ಫೋರ್ಕು ಮಾತ್ರ ಇರುವವರು ಅದನ್ನು ನಾಲ್ಕಂಗುಲ ಇಳಿಸಿ, ಹಿಡಿಯನ್ನು ಹಿಂದಕ್ಕೆ ಮೆಲ್ಲನೆ ಬಾಗಿಸಿ ನೆಲವನ್ನು ತುಸು ಎತ್ತಿ ಬಿಡಬೇಕು. ತೂತುಗಳು ಮೂರಂಗುಲ ಆಳವಿರಲಿ, ಮೂರು ನಾಲ್ಕಂಗುಲಕ್ಕೊಂದಿರಲಿ. ನೆಲ ಹದವಾಗಿರಬೇಕು: ಹಿಡಿಯಲ್ಲಿ ಅಮುಕಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರಬೇಕು. ಕೆಸರಿನಲ್ಲಿ ಕೈಹಾಕಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಕಾಲವನ್ನೂ ನೋಡಬೇಕು. ಗರಿಕೆ ಬೆಚ್ಚನೆಯ ದಿನಗಳ ಬೆಳೆ. ಗಾಯ ಮಾಯಬೇಕಾದರೆ ಅದು ಚುರುಕಾಗಿ ಬೆಳೆಯುತ್ತಿರಬೇಕು. ಮೇ ತಿಂಗಳ ಮಳೆಗಳು ನೆಲವನ್ನು ನೆನೆಸಿದ ಮೇಲೆ, ಜೂನ್ ಜುಲೈ ತಿಂಗಳುಗಳಲ್ಲಿ ಮಳೆ ಬಿಡುವು ಕೊಟ್ಟಾಗ ಮಾಡುವುದು ಲೇಸು. ಡಿಸೆಂಬರ್ ಜನವರಿಯ ಚಳಿಯಲ್ಲಿ ಬೇಡ.

ಹೊರಬಿದ್ದ ತುಂಡುಗಳು ಒಣಗಿದ ಮೇಲೆ ಪುಡಿಮಾಡಿ ಅಲ್ಲಿಯೇ ಹರಡಬಹುದು. ತೂತುಗಳಿಗೆ ಜರಡಿ ಹಿಡಿದ ಕಾಂಪೋಸ್ಟನ್ನು ಗುಡಿಸಿ ತುಂಬಿರಿ. ಕೆರೆಯ ಹೂಳನ್ನು ತಂದು ಹಾಸುವ ವಾಡಿಕೆ ಗದ್ದೆಗೆ ಹಿತ, ಹುಲ್ಲುಹಾಸಿಗಲ್ಲ; ಅದೂ ನುಣ್ಣನೆಯ ಜೇಡಿಯೇ. ಜಿಪ್ಸಮ್ ಸವಳು ನೆಲಕ್ಕೆ ಔಷಧ. ತುಳಿದು ಬಿಗಿದ ಕೆಂಪು ಮಣ್ಣಿಗೆ ಅದರಿಂದ ಪ್ರಯೋಜನವಿಲ್ಲ. ಎರಡು ಮೂರು ವಾರ ಹುಲ್ಲಿನ ಮೇಲೆ ಓಡಾಟ ಬೇಡ. ವರ್ಷವರ್ಷವೂ ಗೊಬ್ಬರ ಬಿದ್ದಂತೆ ಎರೆಹುಳುಗಳು ಬಂದು ಸೇರುತ್ತವೆ. ಆಮೇಲೆ ಅವು ಕೂಲಿ ಕೇಳದೆ ನಮ್ಮ ಕೆಲಸವನ್ನು ಮುಂದುವರಿಸುತ್ತವೆ.

ಇದು ಬರಿಯ ಅಂದದ ಮಾತಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿಯನ್ನು ಬಿಗಿದ ಜೇಡಿಯ ಮೇಲೆ ಸುರಿದರೆ ಅದು ಇಂಗದೆ ಮೋರಿಗೆ ಹರಿಯುತ್ತದೆ. ಮಳೆಯ ನೀರಿಗೂ ಅದೇ ಗತಿ. ಗಿರಿನಗರದ ಇಳಿಜಾರಿನಿಂದ ಹೊರಟದ್ದು ವೃಷಭಾವತಿಯ ಪಾಲು. ಬಾಯಿ ತೆರೆದ ನೆಲವಾದರೋ ಬಿದ್ದ ಹನಿಯನ್ನು ಒಳಗಿಟ್ಟುಕೊಳ್ಳುತ್ತದೆ. ಬೇರು ಆಳಕ್ಕಿಳಿಯುತ್ತದೆ, ಆಳಕ್ಕಿಳಿದ ಬೇರು ಬೇಸಿಗೆಯಲ್ಲಿ ಕೊಳವೆಯನ್ನು ಅಷ್ಟಾಗಿ ಬೇಡುವುದಿಲ್ಲ. ವರ್ಷಕ್ಕೊಮ್ಮೆ ಒಂದು ಬೆಳಗಿನ ದುಡಿಮೆಗೆ ಇದು ಕಡಿಮೆಯ ಪ್ರತಿಫಲವೇನಲ್ಲ.