ಪ್ಯಾಸೇಜಿನ ದೀಪಕ್ಕೆ ಯಾರ ಅಪ್ಪಣೆ?

ಹೋದ ಮಳೆಗಾಲದಲ್ಲಿ ಒಂದು ರಾತ್ರಿ, ಎರಡೂವರೆ ಗಂಟೆ ಇರಬಹುದು, ನನ್ನ ಹೆಂಡತಿ ಬಚ್ಚಲುಮನೆಗೆಂದು ಎದ್ದಳು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ಪ್ಯಾಸೇಜಿನಲ್ಲಿ ಯಾರಾದರೂ ಕಾಲಿಟ್ಟರೆ ದೀಪ ತಾನಾಗಿಯೇ ಹೊತ್ತಿಕೊಳ್ಳುವ ವ್ಯವಸ್ಥೆ ನಮ್ಮ ಮನೆಯಲ್ಲಿದೆ. ಒಂದೂವರೆ ವರ್ಷದಿಂದ ಅದು ಹೊತ್ತಿಕೊಳ್ಳುತ್ತಲೇ ಇತ್ತು. ಆ ನಂಬಿಕೆಯ ಮೇಲೆ ಅವಳು ಗೋಡೆ ತಡವುವುದನ್ನೂ ದಿಂಬಿನ ಪಕ್ಕ ಟಾರ್ಚು ಇಟ್ಟುಕೊಳ್ಳುವುದನ್ನೂ ಬಿಟ್ಟುಬಿಟ್ಟಿದ್ದಳು. ಅಂದು ದೀಪ ಬರಲಿಲ್ಲ. ಬಚ್ಚಲಿನ ಹೊಸ್ತಿಲು ಎಡವಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಕೂರಬೇಕಾಯಿತು.

ಆ ರಾತ್ರಿ ಕರೆಂಟು ಇತ್ತು. ಬಲ್ಬು ಚೆನ್ನಾಗಿತ್ತು. ಸ್ವಿಚ್ಚೂ ಚೆನ್ನಾಗಿತ್ತು, ನಾನು ಗಾಬರಿಯಿಂದ ಎದ್ದು ಬಂದು ಬೆರಳಿಟ್ಟ ಕೂಡಲೇ ದೀಪ ಹತ್ತಿತು. ಇಲ್ಲದೆ ಹೋದದ್ದು ಇಂಟರ್ನೆಟ್ ಒಂದೇ. ಮಳೆಗೆ ಎಲ್ಲೋ ಕೇಬಲ್ ಕಡಿದಿತ್ತಂತೆ.

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಹತ್ತು ಪೈಸೆ ವ್ಯತ್ಯಾಸ ಬಂದರೂ ಲೆಕ್ಕ ತಾಳೆಯಾಗುವವರೆಗೆ ಮನೆಗೆ ಹೋಗುವಂತಿರಲಿಲ್ಲ. ಈ ಲೆಕ್ಕವೂ ನನ್ನನ್ನು ಬಿಡಲಿಲ್ಲ. ನಮ್ಮ ಮನೆಯೊಳಗಿನ ಹತ್ತಡಿ ಪ್ಯಾಸೇಜಿನ ದೀಪಕ್ಕೂ ಬೀದಿಯಲ್ಲಿ ಕಡಿದ ಕೇಬಲ್ಲಿಗೂ ಏನು ಸಂಬಂಧ?

ಮನೆಗೆ ಟಚ್ ಸ್ವಿಚ್ಚುಗಳನ್ನು ಹಾಕಿಸಿಕೊಟ್ಟವರು ನಮ್ಮ ಅಳಿಯಂದಿರು. ಅವು ಒಂದು ಕಂಪನಿಯವು, ವೈಫೈ ಮೂಲಕ ಮಾತಾಡುತ್ತವೆ. ಪ್ಯಾಸೇಜಿನ ಮೂಲೆಯಲ್ಲಿ ಅಂಟಿಸಿದ ಪುಟ್ಟ ಬಿಳಿ ಡಬ್ಬಿ, ಅಂದರೆ ಸೆನ್ಸರ್, ಇನ್ನೊಂದು ಕಂಪನಿಯದು. ನಮ್ಮ ಮೈಯಿಂದ ಹೊರಡುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಆಗುವ ಬದಲಾವಣೆಯಿಂದ ಅದು ‘ಯಾರೋ ಬಂದರು’ ಎಂದು ತಿಳಿಯುತ್ತದೆ. ಅದರ ಭಾಷೆ ಜಿಗ್‌ಬಿ. ಕಡಿಮೆ ಶಕ್ತಿಯ ರೇಡಿಯೋ ಭಾಷೆ ಅದು. ಒಂದು ಚಿಕ್ಕ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಮಕ್ಕಳೇ, ಜೇನುಹುಳುಗಳು ಹೂವು ಯಾವ ದಿಕ್ಕಿನಲ್ಲಿದೆ ಎಂದು ಅಂಕುಡೊಂಕಾಗಿ ಕುಣಿದು ಹೇಳುತ್ತವಲ್ಲ, ಆ ಕುಣಿತದಿಂದ ಬಂದ ಹೆಸರು.

ಈ ಸೆನ್ಸರಿಗೆ ಆ ಸ್ವಿಚ್ಚಿನ ಭಾಷೆ ಬಾರದು. ಹಾಗಾಗಿ ಸೆನ್ಸರ್ ತನ್ನ ಕಂಪನಿಯ ದೂರದ ಸರ್ವರಿಗೆ ‘ಯಾರೋ ಬಂದರು’ ಎಂದು ಹೇಳಬೇಕು. ಆ ಸರ್ವರ್ ಸ್ವಿಚ್ ಕಂಪನಿಯ ಸರ್ವರಿಗೆ ಹೇಳಬೇಕು. ಅದು ಮತ್ತೆ ನಮ್ಮ ಮನೆಯ ಸ್ವಿಚ್ಚಿಗೆ ‘ಹೊತ್ತಿಕೋ’ ಎನ್ನಬೇಕು. ಪಕ್ಕದ ಮನೆಯವರ ಹತ್ತಿರ ಒಂದು ಲೋಟ ಸಕ್ಕರೆ ಕೇಳುವುದಕ್ಕೆ ದೆಹಲಿಗೆ ಕಾಗದ ಬರೆದಂತೆ. ಅಂಚೆ ನಿಂತ ದಿನ ಸಕ್ಕರೆ ಇಲ್ಲ.

ದಸರಾ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಒಂಬತ್ತನೇ ತರಗತಿ. ಅಜ್ಜಿಯ ಕೈ ಸವರುತ್ತಾ ಕಥೆಯೆಲ್ಲ ಕೇಳಿ, “ತಾತ, ಇವೆರಡಕ್ಕೂ ಮನೆಯೊಳಗೇ ಒಬ್ಬ ದುಭಾಷಿಯನ್ನು ಕೂರಿಸಿಬಿಡೋಣ” ಅಂದಳು. ಆ ದುಭಾಷಿಗೆ ಹಬ್ ಎನ್ನುತ್ತಾರೆ. ಅಂಗೈಯಲ್ಲಿ ಕೂರುವ ರಾಸ್‌ಬೆರ್ರಿ ಪೈ ಎಂಬ ಕಂಪ್ಯೂಟರ್ ಅವಳ ಬಳಿ ಶಾಲೆಯ ಪ್ರಾಜೆಕ್ಟಿನದು ಇತ್ತು. ಅದಕ್ಕೆ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ ತುಂಬಿಸಿದಳು. 2013ರಲ್ಲಿ ಪೌಲಸ್ ಶೌಟ್ಸನ್ ಎಂಬಾತ ತನ್ನ ಮನೆಯ ದೀಪಗಳಿಗಾಗಿ ಬರೆಯಲು ಶುರುಮಾಡಿದ್ದು ಇದು. ಈಗ ಲೋಕದ ನಾನಾ ಕಡೆಯ ಸ್ವಯಂಸೇವಕರು ಸೇರಿ ಬೆಳೆಸುತ್ತಿದ್ದಾರೆ. ಸಾವಿರಕ್ಕೂ ಹೆಚ್ಚು ಬಗೆಯ ಸಾಧನ, ಸೇವೆಗಳ ಭಾಷೆ ಇದಕ್ಕೆ ಬರುತ್ತದೆ. ಕಾಸು ಕೊಡಬೇಕಾಗಿಲ್ಲ ಎಂದಾಗ ನನಗೆ ಮೊದಲು ಅನುಮಾನವೇ ಬಂತು. ಬ್ಯಾಂಕಿನವನ ಬುದ್ಧಿ!

ಸೆನ್ಸರ್ ಸುಲಭವಾಗಿ ಒಲಿಯಿತು. ಪೆನ್ ಡ್ರೈವಿನಂಥ ಒಂದು ಜಿಗ್‌ಬಿ ಕಡ್ಡಿಯನ್ನು ಪೈಗೆ ಸಿಕ್ಕಿಸಿ, ಸೆನ್ಸರಿನ ಗುಂಡಿಯನ್ನು ಐದು ಸೆಕೆಂಡು ಒತ್ತಿಹಿಡಿದರೆ ಮುಗಿಯಿತು. ಸತಾಯಿಸಿದ್ದು ಸ್ವಿಚ್ಚು. ಅದು ತನ್ನ ಕಂಪನಿಯ ಆ್ಯಪ್ ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಆಡುವ ಮಾತೆಲ್ಲ ಗುಪ್ತಲಿಪಿಯಲ್ಲಿ. ಅದನ್ನು ಬಿಡಿಸಲು ಪ್ರತಿಯೊಂದು ಸ್ವಿಚ್ಚಿಗೂ ಒಂದೊಂದು ರಹಸ್ಯ ಕೀಲಿ ಇರುತ್ತದೆ, ಹದಿನಾರು ಅಕ್ಷರದ್ದು.

ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ ಇರುತ್ತಿದ್ದವು. ಒಂದು ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇಬ್ಬರೂ ಬರದೆ ಬಾಗಿಲು ತೆರೆಯುವಂತಿರಲಿಲ್ಲ. ಅದು ಸಾರ್ವಜನಿಕರ ಹಣ, ಸರಿ. ಆದರೆ ನಾವೇ ದುಡ್ಡು ಕೊಟ್ಟು ಕೊಂಡ ಸ್ವಿಚ್ಚಿನ ಕೀಲಿ ನಮ್ಮ ಕೈಗೆ ಕೊಡದೆ ಇಟ್ಟುಕೊಳ್ಳುವುದು ಯಾವ ನ್ಯಾಯ? ಅದೃಷ್ಟಕ್ಕೆ, ತಂತ್ರಾಂಶ ಬರೆಯುವವರಿಗಾಗಿ ಆ ಕಂಪನಿಯದೇ ಒಂದು ಜಾಲತಾಣವಿತ್ತು. ಅಲ್ಲಿ ನನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡು, ಅಳಿಯಂದಿರ ಒಪ್ಪಿಗೆ ಪಡೆದು, ಅವರ ಆ್ಯಪ್ ಖಾತೆಯನ್ನು ಜೋಡಿಸಿದ ಮೇಲೆ ಎಂಟು ಸ್ವಿಚ್ಚಿನ ಎಂಟು ಕೀಲಿಗಳೂ ಕಂಡವು. ಎರಡು ದಿನ ಹಿಡಿಯಿತು. ಎಲ್ಲ ಕಂಪನಿಗಳೂ ಇಷ್ಟು ಕೂಡ ಕೊಡುವುದಿಲ್ಲ.

ಇಲ್ಲಿ ಒಂದು ಮಾತು. ನಾವು ಮಾಡಿದ್ದೆಲ್ಲ ಕಂಪ್ಯೂಟರಿನ ಮುಂದೆ ಕೂತು. ಸ್ವಿಚ್ ಬೋರ್ಡಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಒಳಗಿರುವುದು 230 ವೋಲ್ಟ್. ಅದಕ್ಕೆ ಮೊಮ್ಮಗಳೂ ಒಂದೇ ತಾತನೂ ಒಂದೇ. ಬೋರ್ಡು ಬಿಚ್ಚುವ ಕೆಲಸ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನೇ ಮಾಡಬೇಕು. ಹಳೆ ಮನೆಯವರಿಗೆ ಇನ್ನೊಂದು ತೊಡಕೂ ಇದೆ. ಸಾಮಾನ್ಯ ಸ್ವಿಚ್ಚಿಗೆ ಫೇಸ್ ತಂತಿಯನ್ನು ಕೂಡಿಸುವುದು, ಬಿಡಿಸುವುದು ಅಷ್ಟೇ ಕೆಲಸ. ಸ್ಮಾರ್ಟ್ ಸ್ವಿಚ್ಚು ದೀಪ ಆರಿದಾಗಲೂ ಎಚ್ಚರವಾಗಿದ್ದು ಕಿವಿಗೊಟ್ಟು ಕೂತಿರಬೇಕು. ಅದಕ್ಕೆ ಸದಾ ಒಂದಿಷ್ಟು ಕರೆಂಟು ಬೇಕು. ಆ ಕರೆಂಟು ವಾಪಸು ಹೋಗಲು ನ್ಯೂಟ್ರಲ್ ತಂತಿ ಬೇಕು. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ಚಿರುವ ಬೋರ್ಡಿನಲ್ಲಿ ಎಷ್ಟೋ ಸಲ ಇರುವುದಿಲ್ಲ. ನಮ್ಮ ಮಹಡಿ ಮೆಟ್ಟಿಲ ಬಳಿಯ ಬೋರ್ಡಿಗೆ ಅಂದು ಎಲೆಕ್ಟ್ರಿಷಿಯನ್ ಪೈಪಿನೊಳಗೆ ಹೊಸ ತಂತಿ ಎಳೆಯಬೇಕಾಗಿ ಬಂದಿತ್ತು.

ವಿಜಯದಶಮಿಯ ಮಾರನೆಯ ದಿನ ಪರೀಕ್ಷೆ. ಮೊಮ್ಮಗಳು ರೂಟರಿಗೆ ಹೊರಗಿನಿಂದ ಬರುವ ಇಂಟರ್ನೆಟ್ ವೈರನ್ನು ಕಿತ್ತಳು. “ಅಯ್ಯೋ ಪುಟ್ಟಿ, ವೈಫೈ ಹೋಯಿತಲ್ಲೇ” ಅಂದೆ. “ಇಂಟರ್ನೆಟ್ ಬೇರೆ, ವೈಫೈ ಬೇರೆ ತಾತ. ಹೆಬ್ಬಾಗಿಲು ಹಾಕಿದರೆ ಮನೆಯೊಳಗಿನವರು ಮಾತಾಡುವುದು ನಿಲ್ಲುತ್ತದೆಯೇ?” ಎಂದು ನಕ್ಕಳು. ಅಜ್ಜಿಯೇ ನಡೆಯಬೇಕೆಂದು ತೀರ್ಮಾನವಾಯಿತು. ಕಿಟಕಿ ಮುಚ್ಚಿ ಕತ್ತಲೆ ಮಾಡಿ, ನಾನು ತೋಳು ಹಿಡಿದುಕೊಂಡೆ. ಅವಳು ಒಂದು ಹೆಜ್ಜೆ ಇಟ್ಟಳು. ದೀಪ ಹತ್ತಿತು. ಮೊದಲೆಲ್ಲ ಎರಡು ಮೂರು ಸೆಕೆಂಡು ಯೋಚಿಸಿ ಹತ್ತುತ್ತಿದ್ದ ದೀಪ, ಈಗ ಕಾಲು ನೆಲ ಮುಟ್ಟುವ ಮೊದಲೇ ಬಂತು. ಅವಳೇನೂ ಹೇಳಲಿಲ್ಲ. ಹಿಂದೆ ಬಂದು ಇನ್ನೊಮ್ಮೆ ನಡೆದು ನೋಡಿದಳು.

ಮೊಮ್ಮಗಳು ಊರಿಗೆ ಹೋದ ಮೂರನೇ ದಿನ ದೀಪ ಮತ್ತೆ ಕೈಕೊಟ್ಟಿತು. ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಫೋನಿನಲ್ಲಿ ಎಷ್ಟು ವಿಚಾರಿಸಿದರೂ ಕಾರಣ ಸಿಗಲಿಲ್ಲ. ಕೊನೆಗೆ ನಾನೇ ಬರೆದಿಟ್ಟುಕೊಂಡ ವೇಳೆಗಳನ್ನು ತಾಳೆ ನೋಡಿದಾಗ ಹೊಳೆಯಿತು: ನನ್ನ ಮೊಬೈಲಿನಲ್ಲಿ ಕಂಪನಿಯ ಹಳೆ ಆ್ಯಪ್ ತೆರೆದಾಗಲೆಲ್ಲ ದೀಪ ಮುನಿಯುತ್ತಿತ್ತು! ನಮ್ಮ ಸ್ವಿಚ್ಚು ಒಂದು ಹೊತ್ತಿಗೆ ಒಬ್ಬರ ಜೊತೆ ಮಾತ್ರ ಮಾತಾಡಬಲ್ಲದಂತೆ. ಒಂದೇ ಕೌಂಟರಿನ ಶಾಖೆ. ನಾನು ಕೌಂಟರ್ ಹಿಡಿದು ನಿಂತರೆ ಪಾಪ, ಹಬ್ ಸಾಲಿನಲ್ಲಿ ಕಾಯುತ್ತಿತ್ತು. ಆ್ಯಪ್ ತೆಗೆದುಹಾಕಿದೆ. ಆಮೇಲೆ ತೊಂದರೆಯಿಲ್ಲ. ರೂಟರನ್ನೂ ಹಬ್ಬನ್ನೂ ಇನ್ವರ್ಟರಿನ ಸಾಲಿಗೆ ಹಾಕಿಸಿದ್ದೇನೆ.

ಇಷ್ಟೆಲ್ಲ ಯಾಕೆ, ಕಂಪನಿಯ ಸರ್ವರನ್ನೇ ನಂಬಿದರಾಗದೇ ಎಂದು ಅಳಿಯಂದಿರು ಕೇಳಿದರು. ಅಮೆರಿಕದಲ್ಲಿ ಇನ್‌ಸ್ಟಿಯಾನ್ ಎಂಬ ಹೆಸರಾಂತ ಸ್ಮಾರ್ಟ್ ಸ್ವಿಚ್ ಕಂಪನಿ ಇತ್ತು. 2022ರ ಏಪ್ರಿಲ್‌ನಲ್ಲಿ ಅದು ಗ್ರಾಹಕರಿಗೆ ಮುಂಚಿತವಾಗಿ ಹೇಳದೆ ಸರ್ವರುಗಳನ್ನು ನಿಲ್ಲಿಸಿಬಿಟ್ಟಿತು. ಗೋಡೆಯ ಸ್ವಿಚ್ಚುಗಳು ಕೈಯಿಂದ ಒತ್ತಿದರೆ ನಡೆಯುತ್ತಿದ್ದವು. ಆ್ಯಪ್ ಮಾತ್ರ ಸತ್ತಿತ್ತು. ಮನೆಯೊಳಗೇ ಸ್ವಂತ ಹಬ್ ಇಟ್ಟು ಆ ಸ್ವಿಚ್ಚುಗಳನ್ನು ಜೋಡಿಸಿಕೊಂಡಿದ್ದವರ ಕೆಲಸ ನಡೆಯಿತು. ಕೆಲವು ತಿಂಗಳ ನಂತರ ಗ್ರಾಹಕರದೇ ಒಂದು ಗುಂಪು ಕಂಪನಿಯನ್ನು ಕೊಂಡು ಸರ್ವರುಗಳನ್ನು ಮತ್ತೆ ಎಬ್ಬಿಸಿತು. ಅಳಿಯಂದಿರು ಸುಮ್ಮನಾದರು.

ಹೊಸದಾಗಿ ಕೊಳ್ಳುವವರಿಗೆ ಈಗ ಮ್ಯಾಟರ್ ಎಂಬ ಮಾನಕವಿದೆ. ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಹೊರಬಂತು. ನಿಮ್ಮ ಮನೆಯ ಚೆಕ್ ಪುಸ್ತಕ ತೆಗೆದು ತಳಭಾಗ ನೋಡಿ, ಮಕ್ಕಳೇ. ಅಲ್ಲಿ ಒಂಬತ್ತು ಅಂಕಿಗಳ ಎಂಐಸಿಆರ್ ಸಂಖ್ಯೆ ಇರುತ್ತದೆ. ಮೊದಲ ಮೂರು ಊರಿನದು, ನಡುವಿನ ಮೂರು ಬ್ಯಾಂಕಿನದು, ಕೊನೆಯ ಮೂರು ಶಾಖೆಯದು. ಎಲ್ಲ ಬ್ಯಾಂಕುಗಳೂ ಒಂದೇ ರೀತಿ ಬರೆಯಲು ಒಪ್ಪಿದ್ದರಿಂದಲೇ ಯಾವ ಬ್ಯಾಂಕಿನ ಚೆಕ್ಕನ್ನು ಬೇಕಾದರೂ ಯಂತ್ರ ಓದುತ್ತದೆ. ಮ್ಯಾಟರ್ ಕೂಡ ಅಂಥದೇ ಒಪ್ಪಂದ. ಬೇರೆ ಬೇರೆ ಕಂಪನಿಯ ಸಾಧನಗಳು ಮನೆಯೊಳಗಿನ ಜಾಲದಲ್ಲೇ ಮಾತಾಡಿಕೊಳ್ಳುತ್ತವೆ. ಅಂಗಡಿಯಲ್ಲಿ “ಇಂಟರ್ನೆಟ್ ಕಿತ್ತರೂ ನಡೆಯುತ್ತದೆಯೇ?” ಎಂದು ಕೇಳಿ. “ಆ್ಯಪ್ ತುಂಬಾ ಚೆನ್ನಾಗಿದೆ ಸಾರ್” ಎಂಬ ಉತ್ತರ ಬಂದರೆ ಇನ್ನೊಂದು ಅಂಗಡಿಗೆ ಹೋಗಿ.

ನಾನೀಗ ಒಂದು ಲೆಡ್ಜರ್ ಇಟ್ಟಿದ್ದೇನೆ. ಸ್ವಿಚ್ಚಿನ ಹೆಸರು, ಇರುವ ಜಾಗ, ಜಾಲದ ವಿಳಾಸ, ಕೀಲಿ, ಜೋಡಿಸಿದ ತಾರೀಖು. ಸ್ವಿಚ್ಚನ್ನು ಆ್ಯಪಿನಲ್ಲಿ ಹೊಸದಾಗಿ ಸೇರಿಸಿದರೆ ಕೀಲಿ ಬದಲಾಗುತ್ತದೆ. ಆಗ ಹಳೆಯದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹೊಸದನ್ನು ಬರೆಯುತ್ತೇನೆ. ಪುಸ್ತಕ ಗಾಡ್ರೇಜ್ ಬೀರುವಿನಲ್ಲಿದೆ, ಬೀಗದಕೈ ಮನೆಯಾಕೆಯ ಬಳಿ. ಎಂಟು ಸಾಲು ತುಂಬಿವೆ. ಒಂಬತ್ತನೆಯದು ದೇವರಮನೆಯದು. ಅಲ್ಲಿನ ಹಳೆ ಕಪ್ಪು ಸ್ವಿಚ್ಚನ್ನೂ ಬದಲಿಸೋಣವೇ ಎಂದು ಕೇಳಿದ್ದೆ. “ಅದರ ತಂಟೆಗೆ ಮಾತ್ರ ಬರಬೇಡಿ” ಎಂದಿದ್ದಾಳೆ. ಆ ಸಾಲು ಖಾಲಿ ಬಿಟ್ಟಿದ್ದೇನೆ.