ಹೊಂಗೆಯ ಎಣ್ಣೆಯೂ ಡೀಸೆಲ್ ಯಂತ್ರವೂ

ಯಲಹಂಕದ ಪೂರ್ವಕ್ಕಿರುವ ಬಾಗಲೂರು, ರಾಗಿಯ ಹೊಲಗಳ ಕಾಲ ಹಿಂದೆ ಸರಿದು, ವಿಮಾನ ನಿಲ್ದಾಣದ ನೆರೆಯಲ್ಲಿ ಕೈಗಾರಿಕಾ ಪ್ರದೇಶಗಳೂ ಬಹುಮಹಡಿಯ ವಸತಿಗಳೂ ತಲೆಯೆತ್ತಿದ ಮೇಲೆ, ಹಗಲಿರುಳೂ ಡೀಸೆಲನ್ನೇ ನೆಚ್ಚಿ ಬಾಳುವ ಊರಾಗಿದೆ. ಜಲ್ಲಿ ಹೊತ್ತ ಟಿಪ್ಪರು, ನೀರು ತರುವ ಟ್ಯಾಂಕರು, ಕರೆಂಟು ಹೋದೊಡನೆ ಮೊರೆಯುವ ಜನರೇಟರು, ಅಳಿದುಳಿದ ಹೊಲಗಳನ್ನು ಉಳುವ ಟ್ರ್ಯಾಕ್ಟರು, ಇವೆಲ್ಲವುಗಳ ದಾಹವನ್ನು ತಣಿಸುವ ಇಂಧನದ ಬಹುಭಾಗವು ಕಡಲಾಚೆಯಿಂದ ಬರತಕ್ಕ ಕಚ್ಚಾತೈಲದಿಂದ ಹುಟ್ಟುವುದು. ಆದರೆ ಇದೇ ಸೀಮೆಯ ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ, ಯಾರ ಆರೈಕೆಯನ್ನೂ ಬಯಸದೆ ಬೆಳೆದುನಿಂತ ಹೊಂಗೆಯು ವರ್ಷವರ್ಷವೂ ತನ್ನ ಬೀಜದಲ್ಲಿ ನೂರಕ್ಕೆ 30ರಷ್ಟು ತೈಲವನ್ನು ಸಂಚಯಿಸಿ ನೆಲಕ್ಕೆ ಉದುರಿಸುತ್ತಿರುವುದೂ, ಆಯುವವರಿಲ್ಲದೆ ಅದು ಕಸದ ಪಾಲಾಗುತ್ತಿರುವುದೂ ಅಷ್ಟೇ ನಿಜ.

ಸಸ್ಯತೈಲದಿಂದ ಡೀಸೆಲ್ ಯಂತ್ರವನ್ನು ನಡೆಸುವುದು ನೂತನ ಸಾಹಸವಲ್ಲ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿಯೇ, ರುಡಾಲ್ಫ್ ಡೀಸೆಲ್ ಕಲ್ಪಿಸಿದ ಬಗೆಯ ಚಿಕ್ಕ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತು. ನಮ್ಮಲ್ಲಿ, ಯಶವಂತಪುರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸರು, ಹಿಂದಿನ ತಲೆಮಾರುಗಳು ದೀಪಕ್ಕೆ ಉರಿಸುತ್ತಿದ್ದ ಹೊಂಗೆ ಎಣ್ಣೆಯನ್ನೇ ಡೀಸೆಲ್ ಜನರೇಟರಿಗೆ ಉಣಿಸಿ ಹಳ್ಳಿಗೆ ಶಕ್ತಿಯನ್ನು ಒದಗಿಸಬಹುದೆಂಬುದನ್ನು, ‘ಸೂತ್ರ’ ಎಂಬ ಯೋಜನೆಯ ಮೂಲಕ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ತೋರಿಸಿಕೊಟ್ಟರು.

ಹಾಗಾದರೆ ಗಾಣದಿಂದ ಬಂದ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದೇಕೆ? ಡೀಸೆಲ್ ಯಂತ್ರದಲ್ಲಿ ಕಿಡಿಯ ಸಹಾಯವಿಲ್ಲ. ಗಾಳಿಯು ಒತ್ತಡಕ್ಕೆ ಸಿಕ್ಕಿ ಕಾದಿರುವ ಕ್ಷಣದಲ್ಲಿ ನಾಜಲ್ಲಿನ ಸೂಕ್ಷ್ಮ ರಂಧ್ರಗಳಿಂದ ಇಂಧನವು ಮಂಜಿನಂತೆ ಚಿಮ್ಮಿ ತಾನಾಗಿ ಹೊತ್ತಿಕೊಳ್ಳಬೇಕು. ಹೊಂಗೆ ಎಣ್ಣೆಯ ಸ್ನಿಗ್ಧತೆ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಾದುದರಿಂದ, ಅದು ಮಂಜಾಗದೆ ದಪ್ಪ ಹನಿಗಳಾಗಿ ಬಿದ್ದು, ಅರೆಬೆಂದು, ನಾಜಲ್ಲಿನ ಮೇಲೂ ಪಿಸ್ಟನ್ನಿನ ರಿಂಗುಗಳ ಸಂದಿಯಲ್ಲೂ ಮಸಿಯಾಗಿ ಕಟ್ಟಿಕೊಳ್ಳುತ್ತದೆ. ಕೆಲವು ಕಾಲ ಓಡಿದ ಯಂತ್ರವು ಕಡೆಗೆ ಹಟ ಹಿಡಿಯುವುದು ಈ ಕಾರಣದಿಂದಲೇ.

ಈ ದೋಷಕ್ಕೆ ರಸಾಯನಶಾಸ್ತ್ರದಲ್ಲಿ ಪರಿಹಾರವುಂಟು. ಹೊಂಗೆ ಎಣ್ಣೆಯಲ್ಲಿ ಬಿಡಿಯಾಗಿ ಸೇರಿರುವ ಕೊಬ್ಬಿನ ಆಮ್ಲಗಳು ಅಧಿಕವಾಗಿದ್ದರೆ ಮೊದಲು ಗಂಧಕಾಮ್ಲ ಮತ್ತು ಮೆಥನಾಲ್‌ಗಳಿಂದ ಅವನ್ನು ಸರಿಪಡಿಸಬೇಕು. ಇಲ್ಲದಿದ್ದರೆ ಮುಂದಿನ ಹಂತದಲ್ಲಿ ಇಂಧನಕ್ಕೆ ಬದಲಾಗಿ ಸಾಬೂನು ಹುಟ್ಟುವುದು. ಅನಂತರ ಮೆಥನಾಲಿನಲ್ಲಿ ಕಾಸ್ಟಿಕ್ ಸೋಡವನ್ನು ಕರಗಿಸಿ ಎಣ್ಣೆಗೆ ಬೆರೆಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲಕುತ್ತಿದ್ದು ನಿಲ್ಲಿಸಿದರೆ, ಕಪ್ಪನೆಯ ಭಾರವಾದ ಗ್ಲಿಸರಿನ್ ತಳಕ್ಕಿಳಿದು, ಹೊಂಬಣ್ಣದ ತೆಳುದ್ರವವು ಮೇಲೆ ನಿಲ್ಲುತ್ತದೆ. ಆ ಮೇಲಿನದನ್ನು ಬೇರ್ಪಡಿಸಿ, ಬೆಚ್ಚನೆಯ ನೀರಿನಲ್ಲಿ ಸಾಬೂನಿನ ಅಂಶ ಹೋಗುವವರೆಗೆ ತೊಳೆದು, ತೇವವಾರಿಸಿದರೆ ಬಯೋಡೀಸೆಲ್. ಮೆಥನಾಲು ವಿಷವೂ ಬೇಗ ಹೊತ್ತಿಕೊಳ್ಳತಕ್ಕದ್ದೂ ಆದ್ದರಿಂದ ಇದು ಅಡುಗೆಮನೆಯ ಪ್ರಯೋಗವಲ್ಲ.

ಸಾಮಾನ್ಯವಾಗಿ ಇದನ್ನು ಡೀಸೆಲಿನೊಡನೆ ಬೆರೆಸಿಯೇ ಬಳಸುವರು. ನೂರು ಲೀಟರಿನಲ್ಲಿ 20 ಲೀಟರು ಬಯೋಡೀಸೆಲ್ ಇದ್ದರೆ ಅದಕ್ಕೆ ಬಿ-20 ಎಂದು ಹೆಸರು. ಬಯೋಡೀಸೆಲಿನೊಳಗೇ ತೂಕದಲ್ಲಿ ನೂರಕ್ಕೆ 10ರಷ್ಟು ಆಮ್ಲಜನಕವಿರುವುದರಿಂದ ದಹನವು ಪೂರ್ಣವಾಗಿ, ಹೊಗೆಯ ಮಸಿ ಮತ್ತು ಇಂಗಾಲದ ಮಾನಾಕ್ಸೈಡು ತಗ್ಗುತ್ತವೆ; ಗಂಧಕವಂತೂ ಇಲ್ಲವೆನ್ನುವಷ್ಟು ಅಲ್ಪ. ಮತ್ತೊಂದು ಕಡೆ, ಶಾಖಮೌಲ್ಯವು ಡೀಸೆಲಿಗಿಂತ ಕೊಂಚ ಕಡಿಮೆ. ಸಾರಜನಕದ ಆಕ್ಸೈಡುಗಳು ಸ್ವಲ್ಪ ಹೆಚ್ಚುವುದುಂಟು. ಹಳೆಯ ಟ್ಯಾಂಕಿನ ತಳದ ಕೊಳೆಯನ್ನು ಇದು ಕರಗಿಸಿ ತರುವುದರಿಂದ ಆರಂಭದಲ್ಲಿ ಫಿಲ್ಟರು ಬೇಗ ಕಟ್ಟಿಕೊಳ್ಳಬಹುದು. ಹಳೆಯ ರಬ್ಬರಿನ ಕೊಳವೆಗಳು ಉಬ್ಬಿ ಸಡಿಲಾಗಬಹುದು. ಬಹುಕಾಲ ಕೂಡಿಟ್ಟರೆ ಗಾಳಿಯ ಸಂಪರ್ಕದಿಂದ ಇಂಧನವೇ ಕೆಡುವುದು. ಆದಕಾರಣ ಶುದ್ಧ ಬಯೋಡೀಸೆಲಿಗೆ ಐ.ಎಸ್. 15607 ಎಂಬ ಭಾರತೀಯ ಮಾನಕವನ್ನು ವಿಧಿಸಿದ್ದಾರೆ. ಅದಕ್ಕೊಪ್ಪುವ ಇಂಧನವನ್ನೇ, ಯಂತ್ರದ ತಯಾರಕರು ಒಪ್ಪಿದ ಪ್ರಮಾಣದಲ್ಲಿಯೇ ಬೆರೆಸುವುದು ಕ್ಷೇಮ.

ಯಂತ್ರದ ಪ್ರಶ್ನೆ ಹೀಗೆ ಬಹುಮಟ್ಟಿಗೆ ಇತ್ಯರ್ಥವಾಗಿರುವಾಗ, ಕಾರ್ಯವು ನಿಂತಿರುವುದೆಲ್ಲಿ? ಹೆಬ್ಬಾಳ ಯಲಹಂಕಗಳ ನಡುವಣ ಜಿ.ಕೆ.ವಿ.ಕೆ. ಆವರಣದಿಂದ ನಡೆಯುವ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಬದುಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಬೆಳೆಯುವ ಮಾರ್ಗವನ್ನು ರೈತರಿಗೆ ಬೋಧಿಸಿತು. 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯನ್ನು ರೂಪಿಸಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಕಾರ್ಯಕ್ರಮಗಳು ಬಂದವು. ಅದೇ ವರ್ಷ ಕೇಂದ್ರವು 2017ರೊಳಗೆ ನೂರಕ್ಕೆ 20ರ ಮಿಶ್ರಣವನ್ನು ಗುರಿಯಾಗಿಟ್ಟಿತ್ತು. ಅದು ಕೈಗೂಡದೆ, 2018ರ ನೀತಿಯು 2030ಕ್ಕೆ ಕೇವಲ 5 ಎಂದು ಗುರಿಯನ್ನು ಇಳಿಸಿತು. ಈ ಗುರಿಗಾಗಿ ಬಂಜರಿನಲ್ಲಿ ನೆಟ್ಟ ಜತ್ರೋಫವೆಂಬ ಎಣ್ಣೆಬೀಜದ ಗಿಡವು ನೀರು ಗೊಬ್ಬರಗಳಿಲ್ಲದೆ ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲವೆಂಬುದು ಈ ಹಿನ್ನಡೆಯ ಒಂದು ಕಾರಣ.

ಇನ್ನೊಂದು ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ಹಳ್ಳಿಯ ಎಣ್ಣೆಗಿರಣಿಯಲ್ಲಿ ಒಂದು ಲೀಟರು ಹೊಂಗೆ ಎಣ್ಣೆಗೆ ಸುಮಾರು 4 ಕಿಲೋ ಬೀಜ ಬೇಕು. ಎಂದರೆ ನೂರು ಲೀಟರು ಬಿ-20 ಇಂಧನದ ಹಿಂದೆ 80 ಕಿಲೋ ಬೀಜವಿದೆ. ಬೇಸಗೆಯ ಬಿಸಿಲಿನಲ್ಲಿ ಕಾಯಿ ಬಡಿದು, ಗುಡಿಸಿ ರಾಶಿ ಹಾಕಿ, ಒಣಗಿಸಿ, ಸಿಪ್ಪೆ ಸುಲಿದು, ಒಂದೊಂದು ಕಾಯಿಯಿಂದ ಒಂದೋ ಎರಡೋ ಬೀಜವನ್ನು ಬಿಡಿಸುವ ದುಡಿಮೆಯೆಲ್ಲವೂ ಆ 80 ಕಿಲೋದಲ್ಲಿ ಅಡಗಿದೆ. ಅದಕ್ಕೆ ಇಳಿಯುವವರು ಬಹುತೇಕ ಬಡ ಹೆಂಗಸರು. ಅವರಿಗೆ ಅಂದಿನ ಕೂಲಿಯೂ ಹುಟ್ಟದಷ್ಟು ಬೆಲೆಯನ್ನು ಬೀಜಕ್ಕೆ ಕಟ್ಟಿದರೆ ಮರವಿದ್ದೂ ಎಣ್ಣೆಯಿಲ್ಲ. ಆದುದರಿಂದ ಸಸಿ ನೆಟ್ಟ ಸಂಖ್ಯೆಯನ್ನು ಎಣಿಸಿ ತೃಪ್ತರಾಗುವುದಕ್ಕೆ ಬದಲು, ಬೀಜಕ್ಕೆ ಖಚಿತವಾದ ಬೆಲೆ, ಹೋಬಳಿಗೊಂದು ಗಿರಣಿ, ಹೊಲಕ್ಕೆ ಮರಳುವ ಹೊಂಗೆ ಹಿಂಡಿ, ಇವುಗಳ ವ್ಯವಸ್ಥೆಯಾಗಬೇಕು. ಅನ್ನ ಬೆಳೆವ ನೆಲವನ್ನು ಇದಕ್ಕಾಗಿ ಕಸಿಯಬೇಕಾಗಿಲ್ಲ, ಬದುಗಳೇ ಸಾಕು. ದೇಶದ ಡೀಸೆಲನ್ನೆಲ್ಲ ಹೊಂಗೆಯೊಂದೇ ತುಂಬಿಕೊಡಲಾರದೆಂಬುದು ನಿಶ್ಚಯ. ಆದರೆ ಒಂದು ಸೀಮೆಯ ಟ್ರ್ಯಾಕ್ಟರು, ಪಂಪು, ಜನರೇಟರುಗಳು ಕುಡಿಯುವ ಇಂಧನದ ಐದನೆಯ ಒಂದು ಪಾಲು ಅದೇ ಸೀಮೆಯ ಬದುಗಳಿಂದ ಬಂದು, ಅದರ ಹಣವು ಬೀಜ ಆಯ್ದವರ ಕೈಸೇರುವುದಾದರೆ, ಅದು ಆ ಸೀಮೆಗೆ ಅಲ್ಪವಾದ ಲಾಭವಲ್ಲ.